ಮಂದ್ರ ಬಳಗದ ಕಿವಿ ಪರೀಕ್ಷೆ

ನಮ್ಮ ಭಾವ ಹಲ್ಲಿನ ಡಾಕ್ಟರು. ಅಕ್ಕ ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷಿಸುವವಳು. ನಾನು ಲಿಫ್ಟ್ ರಿಪೇರಿಯವನು. ಮೂವರಲ್ಲಿ ಒಬ್ಬರಿಗೂ ಸಂಗೀತದ ಗಂಧಗಾಳಿ ಇಲ್ಲ. ನಾನೂ ಅಕ್ಕನೂ ಇದನ್ನು ಎಂದೋ ಒಪ್ಪಿಕೊಂಡು ಸುಖವಾಗಿದ್ದೇವೆ. ಭಾವ ಒಪ್ಪಿಕೊಳ್ಳದೆ ಬೇಸ್ ಗಿಟಾರ್ ಕೊಂಡರು.

ಬೇಸ್ ಎಂದರೆ ನಾಲ್ಕೇ ತಂತಿಯ, ದಪ್ಪ ದನಿಯ ಗಿಟಾರು. ಹಾಡಿನ ನಡುವೆ ಅದು ನುಡಿಯುತ್ತಿದ್ದಾಗ ಯಾರೂ ಗಮನಿಸುವುದಿಲ್ಲ. ನಿಂತುಬಿಟ್ಟರೆ ಮಾತ್ರ ಏನೋ ಕಳೆದುಹೋದಂತಾಗಿ ಎಲ್ಲರೂ ಅತ್ತಿತ್ತ ನೋಡುತ್ತಾರೆ. ಭಾವನ ಹತ್ತಿರ ಅದು ಹನ್ನೊಂದು ವರ್ಷದಿಂದ ಇದೆ. ಅದರಲ್ಲಿ ಅವರಿಗೆ ಬರುವುದು ಎಂಟು ಸ್ವರಗಳ ಒಂದೇ ಒಂದು ಓಟ. ಆರನೆಯದೋ ಏಳನೆಯದೋ ಸ್ವರಕ್ಕೆ ಬರುವಷ್ಟರಲ್ಲಿ ಅವರ ಹುಬ್ಬು ಗಂಟಿಕ್ಕುತ್ತದೆ. ನಿಲ್ಲಿಸುತ್ತಾರೆ, ಎದ್ದುಹೋಗಿ ಆಂಪ್ಲಿಫೈಯರಿನ ಗುಂಡಿಯೊಂದನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ, ಬಂದು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ.

ಬೇಸ್ ಅವರಿಗೆ ಬರೀ ನೆಪ. ಜೀವ ಇರುವುದು ಆಂಪ್ಲಿಫೈಯರಿನ ಮೇಲೆ, ಅದೂ ಹಳೆಯ ವಾಲ್ವ್ ಆಂಪಿನ ಮೇಲೆ. ಹಿಂದಿನ ಕಾಲದ ರೇಡಿಯೋಗಳೊಳಗೆ ಕೆಂಪಗೆ ಹೊಳೆಯುತ್ತಿದ್ದ ಗಾಜಿನ ಬುರುಡೆಗಳಿದ್ದವಲ್ಲ, ಅವೇ ವಾಲ್ವ್. ಟ್ರಾನ್ಸಿಸ್ಟರ್ ಬಂದ ಮೇಲೆ ಇಡೀ ಲೋಕ ಅವನ್ನು ಕೈಬಿಟ್ಟಿತು. ಭಾವ ಮತ್ತು ಅವರಂಥ ಎಂಟು ಮಂದಿ ಬಿಡಲಿಲ್ಲ. ಈ ಒಂಬತ್ತು ಜನ ಸೇರಿ ಮಂದ್ರ ಬಳಗ ಎಂದೊಂದು ಕೂಟ ಕಟ್ಟಿಕೊಂಡಿದ್ದಾರೆ. ಪ್ರತಿ ಭಾನುವಾರ ಮಧ್ಯಾಹ್ನ ಒಬ್ಬರ ಮನೆಯಲ್ಲಿ ಸೇರಿ ಇನ್ನೊಬ್ಬರ ಆಂಪಿಗೆ ಮೂಗು ಮುರಿಯುವುದು, ತಿಂಗಳಿಗೊಮ್ಮೆ ಅದನ್ನೇ ಎರಡು ಪುಟದ ಪತ್ರಿಕೆಯಲ್ಲಿ ಅಚ್ಚುಹಾಕಿಸುವುದು ಬಳಗದ ಕೆಲಸ. ಅವರು ದನಿಯ ಬಗ್ಗೆ ಮಾತಾಡುವುದನ್ನು ಕೇಳಬೇಕು. ಒಂದು ಆಂಪಿನ ದನಿಯಲ್ಲಿ ಒದ್ದೆ ಮಣ್ಣಿನ ವಾಸನೆ ಇರುತ್ತದೆ, ಇನ್ನೊಂದರಲ್ಲಿ ಹಳೆಯ ತೊಗಲಿನ ಮೆದುತನ ಇರುತ್ತದೆ. ಒಂದು ವಾಲ್ವಿನದು ಸಂಕೋಚದ ಸ್ವಭಾವ ಎಂದು ಒಬ್ಬರು ಬರೆದೇ ಬಿಟ್ಟಿದ್ದರು. ಅವರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು.

ಭಾವನ ಆಂಪಿನ ಹೆಸರು ಆನೆ. ಐವತ್ತು ವರ್ಷ ದಾಟಿದ ಯಂತ್ರ, ಒಳಗೆ ಹದಿನಾಲ್ಕು ವಾಲ್ವು, ಒಬ್ಬರೇ ಎತ್ತಿದರೆ ಸೊಂಟ ಉಳುಕುವಷ್ಟು ಭಾರ. ಅದರ ಜೋಡಿ ಸ್ಪೀಕರ್ ಪೆಟ್ಟಿಗೆ ನನ್ನ ಎದೆಯೆತ್ತರ ಬರುತ್ತದೆ. ಅದರಲ್ಲಿ ಹತ್ತಿಂಚಿನ ಎಂಟು ಸ್ಪೀಕರುಗಳು. ಇದಕ್ಕೆ ಎದುರಾಳಿ, ಬಳಗದಲ್ಲೇ ಇರುವ ವಕೀಲರೊಬ್ಬರ ಆಂಪು. ಅದರ ಹೆಸರು ರಾಣಿ. ಪುಟ್ಟದು, ಅಂದವಾದದ್ದು, ಕೆಲಸ ಮುಗಿದ ಮೇಲೆ ತಲೆಕೆಳಗು ಮಾಡಿ ಅದರದೇ ಪೆಟ್ಟಿಗೆಯೊಳಗೆ ಇಳಿಸಿ ಮುಚ್ಚಿಡಬಹುದು. ಆ ಪೆಟ್ಟಿಗೆಯಲ್ಲಿ ಹದಿನೈದಿಂಚಿನ ಒಂದೇ ಸ್ಪೀಕರು.

“ಎಂಟು ಬಾಯಿ ಒಟ್ಟಿಗೆ ಮಾತಾಡಿದ್ರೆ ಗದ್ದಲ ಆಗುತ್ತೆ ಡಾಕ್ಟ್ರೇ, ಮಾತು ಆಗಲ್ಲ” ಎಂದು ವಕೀಲರು ಪ್ರತಿ ಭಾನುವಾರ ಹೇಳುತ್ತಿದ್ದರು.

“ಒಂದೇ ಬಾಯಲ್ಲಿ ಮಾತಾಡೋದನ್ನ ನಿಮ್ಮ ಸಾಕ್ಷಿಗಳಿಗೆ ಕಲಿಸಿ ವಕೀಲ್ರೇ. ನನ್ನ ಪೆಟ್ಟಿಗೆ ವಿಷಯ ಬಿಡಿ” ಎಂದು ಭಾವ ಪ್ರತಿ ಭಾನುವಾರ ಉತ್ತರ ಕೊಡುತ್ತಿದ್ದರು.

ಹೀಗೇ ನಡೆದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಕಳೆದ ವರ್ಷ ವಕೀಲರು ಪತ್ರಿಕೆಯಲ್ಲಿ, ಆನೆಯದು ಹಲ್ಲು ಕೀಳಿಸಿಕೊಂಡವನ ದವಡೆಯಂತೆ ಮರಗಟ್ಟಿದ ದನಿ ಎಂದು ಬರೆದರು. ಭಾವನಿಗೆ ಅದು ಆನೆಯ ಮೇಲಿನ ಟೀಕೆಯಾಗಿ ಕಾಣಲಿಲ್ಲ, ತಮ್ಮ ಕಸುಬಿನ ಮೇಲೆ ಕೈಯಿಟ್ಟಂತೆ ಕಂಡಿತು. ಇಬ್ಬರ ನಡುವೆ ಮಾತು ನಿಂತಿತು. ಮೂರು ವಾರ ಭಾವ ಮನೆಯಲ್ಲಿ ಗಂಟುಮುಖ ಹಾಕಿಕೊಂಡು, ಸಂಜೆ ಬಂದವರು ಆನೆಯ ಮುಂದೆ ಕೂತು ಅದೇ ಆರು ಸ್ವರ ನುಡಿಸಿ, ನಿಲ್ಲಿಸಿ, “ಎಲ್ಲಿದೆ ಮರಗಟ್ಟಿದ್ದು? ನೀನೇ ಹೇಳು” ಎಂದು ಅಕ್ಕನ ತಲೆ ತಿಂದರು.

ಅಕ್ಕ ಒಂದು ದಿನ ಒಗೆದ ಬಟ್ಟೆ ಮಡಚುತ್ತ ಹೇಳಿದಳು: “ನನ್ನ ಹತ್ರ ದಿನಾ ನಲವತ್ತು ಜನ ಬರ್ತಾರೆ. ಕೇಳಿಸುತ್ತೆ ಅಂತ ಬಾಯಲ್ಲಿ ಹೇಳಿದ್ರೆ ನಾನು ನಂಬಲ್ಲ. ಗುಂಡಿ ಕೈಗೆ ಕೊಟ್ಟು, ಕೇಳಿಸಿದಾಗ ಒತ್ತಿ ಅಂತೀನಿ. ನಿಮ್ಮ ಬಳಗಾನೂ ಹಾಗೇ ಪರೀಕ್ಷೆ ಮಾಡಿಬಿಡೋಣ. ಪರದೆ ಕಟ್ತೀನಿ. ಹಿಂದೆ ಯಾವುದು ನುಡೀತಿದೆ ಅಂತ ಹೇಳಲ್ಲ. ಕೇಳಿ, ಹಾಳೆ ಮೇಲೆ ಅಂಕ ಕೊಡಿ. ಹೆಚ್ಚು ಬಂದದ್ದು ಗೆದ್ದಿತು.”

ಸುದ್ದಿ ವಕೀಲರಿಗೂ ಹೋಯಿತು. ಇಬ್ಬರೂ ಮರುಮಾತಿಲ್ಲದೆ ಒಪ್ಪಿದರು. ಗೆಲ್ಲುವುದು ತಾನೇ ಎಂಬುದರಲ್ಲಿ ಇಬ್ಬರಿಗೂ ಎಳ್ಳಷ್ಟು ಅನುಮಾನ ಇರಲಿಲ್ಲ.

ಜಾಗ ಭಾವನ ಕ್ಲಿನಿಕ್ಕಿನ ಹೊರಕೋಣೆ ಎಂದು ನಿಶ್ಚಯವಾಯಿತು. ಭಾನುವಾರ ಅಲ್ಲಿ ರೋಗಿಗಳಿರುವುದಿಲ್ಲ, ಒಂಬತ್ತು ಕುರ್ಚಿ ಇದ್ದೇ ಇವೆ. ಕ್ಲಿನಿಕ್ಕಿರುವುದು ಎರಡನೇ ಮಹಡಿಯಲ್ಲಿ. ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು; ಲಿಫ್ಟಿನವನು ಎಂದಮೇಲೆ ಭಾರವೆಲ್ಲ ತನ್ನಷ್ಟಕ್ಕೆ ಮೇಲೇರುತ್ತದೆ ಎಂದು ನಮ್ಮ ಮನೆಯವರ ನಂಬಿಕೆ. ಎಂಟು ಸ್ಪೀಕರಿನ ಪೆಟ್ಟಿಗೆ ಲಿಫ್ಟಿನೊಳಗೆ ಹಿಡಿಯಿತು, ಆದರೆ ನನಗೆ ಜಾಗ ಉಳಿಯಲಿಲ್ಲ. ಅದೊಂದನ್ನೇ ಒಳಗೆ ನಿಲ್ಲಿಸಿ, ಕೈ ತೂರಿಸಿ ಗುಂಡಿ ಒತ್ತಿ, ನಾನು ಮೆಟ್ಟಿಲ ಮೇಲೆ ಓಡಿದೆ. ಮೊದಲ ಮಹಡಿಯಲ್ಲಿ ಯಾರೋ ಒಬ್ಬ ಮುದುಕಿ ಲಿಫ್ಟ್ ಕರೆದು, ಬಾಗಿಲು ತೆರೆದು, ಕಪ್ಪು ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿ, “ನೀವು ಹೋಗಿ, ನಾನು ಆಮೇಲೆ ಬರ್ತೀನಿ” ಎಂದು ಅದಕ್ಕೇ ಹೇಳಿ ಬಾಗಿಲು ಹಾಕಿದಳು.

ಪರದೆಯ ಹಿಂದೆ ತಂತಿ ಬದಲಿಸುವುದಕ್ಕೆ ರಿಪೇರಿ ಯಜಮಾನರನ್ನು ಕರೆಸಿದ್ದೆವು. ಎಪ್ಪತ್ತು ದಾಟಿದವರು, ಹಳೆಯ ರೇಡಿಯೋ ರಿಪೇರಿಯಿಂದ ಈ ಕಸುಬಿಗೆ ಬಂದವರು. ಬಳಗದ ಅಷ್ಟೂ ಆಂಪುಗಳ ಹೊಟ್ಟೆ ಬಿಚ್ಚಿ ನೋಡಿದ್ದು ಅವರೊಬ್ಬರೇ. ಮಾತು ಕಡಿಮೆ.

ಇನ್ನು ಉಳಿದ ಪ್ರಶ್ನೆ ನುಡಿಸುವವರು ಯಾರು ಎಂಬುದು. ಬಳಗದ ಒಂಬತ್ತು ಜನರಲ್ಲಿ ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಬಲ್ಲವರು ಒಬ್ಬರೂ ಇರಲಿಲ್ಲ. ಇದು ಗೊತ್ತಾದಾಗ ಯಾರಿಗೂ ಮುಜುಗರವಾಗಲಿಲ್ಲ. ನಮ್ಮದು ಕೇಳುವ ಬಳಗ ಎಂದರು ಬ್ಯಾಂಕಿನವರು. ನನಗೆ ಒಬ್ಬಾಕೆ ಗೊತ್ತಿದ್ದಳು. ವಾರವೆಲ್ಲ ಬಸ್ಸಿನಲ್ಲಿ ಕಂಡಕ್ಟರು, ಬಿಡುವಾದ ಸಂಜೆ ಮದುವೆಗಳಲ್ಲಿ ನುಡಿಸುವ ಆರ್ಕೆಸ್ಟ್ರಾದಲ್ಲಿ ಬೇಸ್. ಅವಳು ಬೆಳಗಿನ ಪಾಳಿ ಮುಗಿಸಿ ಹನ್ನೊಂದು ಗಂಟೆಗೆ ಬಂದಳು. ಬೆನ್ನಿಗೆ ಗಿಟಾರು. ಬಲಗೈಯಲ್ಲಿ, ನೀರು ತುಂಬಿದ ಬಕೆಟ್ಟು ಹಿಡಿದಂತೆ, ಒಂದು ಸಣ್ಣ ಆಂಪು. ಒಂದೇ ಒಂದು ವಾಲ್ವ್ ಇಲ್ಲದ, ಆಂಪೂ ಸ್ಪೀಕರೂ ಒಂದೇ ಡಬ್ಬಿಯಲ್ಲಿರುವ ಅಗ್ಗದ ಟ್ರಾನ್ಸಿಸ್ಟರು. ಭಾವ ಅದನ್ನು ನೋಡಿ, ರೋಗಿಯ ಬಾಯಿ ತೆರೆಸಿದಾಗ ಮಾಡುವ ಮುಖ ಮಾಡಿದರು.

“ಅದು ಯಾಕಮ್ಮ?”

“ಇಲ್ಲಿಂದ ನೇರ ಕಾರ್ಯಕ್ರಮಕ್ಕೆ ಹೋಗ್ಬೇಕು ಸಾರ್. ಇಲ್ಲೇ ಮೂಲೇಲಿ ಇಟ್ಟಿರ್ತೀನಿ.”

ಅಕ್ಕ ಆ ಡಬ್ಬಿಯನ್ನು ಒಂದು ಗಳಿಗೆ ನೋಡಿದಳು. “ಮೂಲೆ ಬೇಡ. ಒಳಗೆ ತಗೊಂಡು ಬನ್ನಿ” ಎಂದು ಅವಳನ್ನು ಪರದೆಯ ಹಿಂದಕ್ಕೆ ಕರೆದೊಯ್ದಳು.

ಅಕ್ಕ ಆಸ್ಪತ್ರೆಯಿಂದ ಸದ್ದು ಅಳೆಯುವ ಮೀಟರು ತಂದಿದ್ದಳು. ಎಲ್ಲ ಆಂಪುಗಳೂ ಕುರ್ಚಿಯಲ್ಲಿ ಕೂತವರಿಗೆ ಒಂದೇ ಮಟ್ಟದಲ್ಲಿ ಕೇಳುವಂತೆ ಯಜಮಾನರ ಕೈಯಲ್ಲಿ ಗುಂಡಿ ಹೊಂದಿಸಿಕೊಂಡಳು. ಹೊರಗಿನಿಂದ ಭಾವ, “ಆನೆಗೆ ಉಸಿರಾಡೋಕೆ ಬಿಡ್ಬೇಕು, ಇಷ್ಟು ಮೆತ್ತಗೆ ಇಟ್ರೆ ಅದು ಅದಾಗಿರಲ್ಲ” ಎಂದು ಗೊಣಗಿದರು.

“ಜೋರಾಗಿರೋದೇ ಚೆನ್ನಾಗಿದೆ ಅಂತ ಮನುಷ್ಯರಿಗೆ ಅನ್ಸುತ್ತೆ. ಅದಕ್ಕೇ ಸಮ ಮಾಡಿದ್ದು. ಸುಮ್ನೆ ಕೂತ್ಕೊಳ್ಳಿ” ಎಂದಳು ಅಕ್ಕ.

ಇನ್ನೊಂದು ತಕರಾರು ವಕೀಲರಿಂದ ಬಂತು. ಆಂಪು, ಪೆಟ್ಟಿಗೆ ಎರಡನ್ನೂ ಅದಲುಬದಲು ಮಾಡಿ ನೋಡಬೇಕೆಂದು ಅಕ್ಕನ ಲೆಕ್ಕಾಚಾರ. ರಾಣಿಯನ್ನು ಎಂಟು ಸ್ಪೀಕರಿಗೆ ಹಚ್ಚುವುದಕ್ಕೆ ವಕೀಲರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಆನೆಯನ್ನು ತಮ್ಮ ಹದಿನೈದಿಂಚಿಗೆ ಹಚ್ಚುವ ಮಾತು ಬಂದಾಗ ಎದ್ದು ನಿಂತರು. “ಅಷ್ಟು ದೊಡ್ಡ ಆಂಪಿನ ಹೊಡೆತಕ್ಕೆ ನನ್ನ ಸ್ಪೀಕರು ಹರಿದುಹೋಗುತ್ತೆ. ಬೆಳೆದ ಮಗಳನ್ನ ಆನೆ ಕಾಲಡಿ ಹಾಕು ಅಂದ್ರೆ ಹಾಕ್ಲಾ ಮೇಡಂ?” ಅಕ್ಕ ಅದೊಂದನ್ನು ಕೈಬಿಟ್ಟಳು.

ಹಾಗೆ ಒಟ್ಟು ಐದು ಸರದಿ ಎಂದಾಯಿತು. ಕಂಡಕ್ಟರಮ್ಮನಿಗೆ ಅಕ್ಕ ವಿವರಿಸಿದಳು: ಎರಡು ನಿಮಿಷದ ಒಂದೇ ಹಾಡು, ಒಂದೇ ಥರ, ಐದು ಸಲ. ಏನೂ ಬದಲಾಗಬಾರದು.

“ಒಂದೇ ರೂಟು, ಐದು ಟ್ರಿಪ್ಪು. ಅಷ್ಟೇ ತಾನೆ” ಎಂದಳು ಅವಳು.

ನಾನು ಪರದೆಯ ಹಿಂದೆ ಯಜಮಾನರಿಗೆ ಕೈಯಾಸರೆಯಾಗಿ ನಿಂತಿದ್ದೆ. ಹನ್ನೊಂದು ವರ್ಷದಲ್ಲಿ ಆ ಆಂಪುಗಳ ಸದ್ದನ್ನು ಸಾಕಷ್ಟು ಸಲ ಕೇಳಿದ್ದೇನೆ. ಅದು ಸಂಗೀತ ಎಂದು ಅನ್ನಿಸಿದ್ದಿಲ್ಲ. ಅವಳು ಸ್ಟೂಲಿನ ಮೇಲೆ ಕೂತು, ಟಿಕೆಟ್ಟು ಹರಿದು ಹರಿದು ಒರಟಾದ ಬೆರಳಿನಿಂದ ಮೊದಲ ತಂತಿ ಮೀಟಿದಳು. ನೆಲದಿಂದ ನನ್ನ ಅಂಗಾಲಿಗೆ, ಅಲ್ಲಿಂದ ಮೊಣಕಾಲಿಗೆ ಅದು ಹತ್ತಿ ಬಂತು. ಎಂಥದೋ ಹಳೆಯ ನಡಿಗೆಯ ಧಾಟಿ. ಎಲ್ಲಿ ಹೆಜ್ಜೆ ಇಡಬೇಕೋ ಅಲ್ಲಿ ಇಟ್ಟು, ಎಲ್ಲಿ ಎತ್ತಬೇಕೋ ಅಲ್ಲಿ ಎತ್ತಿ, ನಡುವೆ ಒಂದು ಕಡೆ ಬೇಕೆಂದೇ ತಡಮಾಡಿ ಆಮೇಲೆ ಓಡಿಬಂದು ಸೇರಿಕೊಳ್ಳುತ್ತಿತ್ತು. ನಿಂತಲ್ಲೇ ನನ್ನ ತಲೆ ಆಡತೊಡಗಿತು. ಯಜಮಾನರು ಕೈಯಲ್ಲಿದ್ದ ತಂತಿಯನ್ನು ಮರೆತು ಅವಳ ಎಡಗೈಯನ್ನೇ ನೋಡುತ್ತಿದ್ದರು.

ಪರದೆಯ ಅಂಚಿನಿಂದ ಹೊರಗೆ ಇಣುಕಿದೆ. ಒಂಬತ್ತೂ ಜನ ಕಣ್ಣು ಮುಚ್ಚಿದ್ದರು. ಭಾವ ಹೆಬ್ಬೆರಳು ತೋರುಬೆರಳು ಜೋಡಿಸಿ ಗಾಳಿಯಲ್ಲಿ ಏನೋ ಸಣ್ಣದನ್ನು ಹಿಡಿದಂತೆ ಕೂತಿದ್ದರು. ಬ್ಯಾಂಕಿನವರು ಪ್ರತಿ ಸರದಿಯ ನಂತರವೂ ನಿಟ್ಟುಸಿರು ಬಿಟ್ಟರು. ನಾಲ್ಕನೆಯ ಸರದಿ ಮುಗಿದಾಗ ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

ಐದೂ ಮುಗಿದ ಮೇಲೆ, ಅಕ್ಕ ಹೊರಗೆ ಹಾಳೆ ಸೇರಿಸುತ್ತಿದ್ದಾಗ, ಯಜಮಾನರು ತಗ್ಗಿದ ದನಿಯಲ್ಲಿ ಕಂಡಕ್ಟರಮ್ಮನಿಗೆ ಹೇಳಿದರು: “ಕೈ ಚೆನ್ನಾಗಿದೆಯಮ್ಮ. ಈ ಪೆಟ್ಟಿಗೆಗಳಿಗೆ ಒಂದು ಹಾಡು ಪೂರ್ತಿ ಕೇಳೋ ಯೋಗ ಬಂದಿದ್ದು ಇವತ್ತೇ.” ಆಮೇಲೆ ಆನೆಯ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿ, “ಇದರಲ್ಲಿ ಹಳೇದು ಅಂತ ಉಳಿದಿರೋದು ಹೊರಗಿನ ಡಬ್ಬಿ, ಹಿಡಿ, ಒಂದಷ್ಟು ಸ್ಕ್ರೂ. ಒಳಗಿಂದೆಲ್ಲ ನಾನೇ ಹಾಕಿದ್ದು. ಎಂಟು ಸ್ಪೀಕರಲ್ಲಿ ಐದು ಹೊಸದು” ಎಂದರು.

“ಭಾವನಿಗೆ ಹೇಳ್ಲಿಲ್ವಾ?”

“ಪ್ರತಿ ಸಲ ಹೇಳ್ದೆ. ಕಿವಿಗೆ ಹಾಕ್ಕೊಳ್ಳಲಿಲ್ಲ.”

ಅಕ್ಕ ನಡುವೆ ನಿಂತು ಫಲಿತಾಂಶ ಓದಿದಳು. ಆಸ್ಪತ್ರೆಯಲ್ಲಿ ರೋಗಿಗಳಿಗೆ ವರದಿ ಓದಿ ಹೇಳುವ ದನಿಯಲ್ಲೇ, ಏರಿಳಿತವಿಲ್ಲದೆ.

“ಮೊದಲನೇದು ಆನೆ, ಅದರ ಎಂಟು ಸ್ಪೀಕರ್ ಪೆಟ್ಟಿಗೆ ಜೊತೆ. ಡಾಕ್ಟರು ಕೊಟ್ಟಿರೋ ಅಂಕ ಹತ್ತಕ್ಕೆ ಮೂರು. ‘ಜೀವವಿಲ್ಲ, ಕಾರ್ಖಾನೆಯ ಸದ್ದು’ ಅಂತ ಬರೆದಿದ್ದಾರೆ.”

ಭಾವ ಜೋಡಿಸಿದ್ದ ಬೆರಳು ಬಿಟ್ಟರು. ವಕೀಲರ ಮುಖ ಅರಳಿತು.

“ಎರಡನೇದು ರಾಣಿ, ಅದರ ಸ್ವಂತ ಹದಿನೈದಿಂಚು ಜೊತೆ. ವಕೀಲರು ಕೊಟ್ಟಿರೋದು ನಾಲ್ಕು. ‘ನೆಗಡಿಯಾದ ದನಿ, ಇದು ಆನೆಯೇ ಸರಿ’ ಅಂತ ಬರೆದಿದ್ದಾರೆ.”

ವಕೀಲರ ಮುಖ ಇಳಿಯಿತು.

“ಮೂರನೇದು ರಾಣಿ, ಎಂಟು ಸ್ಪೀಕರ್ ಜೊತೆ. ಇದಕ್ಕೆ ಎಲ್ಲರೂ ಐದೋ ಆರೋ ಕೊಟ್ಟಿದ್ದೀರಿ. ಒಬ್ಬರು ಏನೂ ಬರೆದಿಲ್ಲ, ಒಂದು ಹೂವಿನ ಚಿತ್ರ ಬಿಡಿಸಿದ್ದಾರೆ. ನಾಲ್ಕನೇದನ್ನ ಕೊನೇಗೆ ಹೇಳ್ತೀನಿ. ಐದನೇದು ಮತ್ತೆ ಆನೆ, ಎಂಟು ಸ್ಪೀಕರ್. ಅಂದ್ರೆ ಮೊದಲನೇದೂ ಐದನೇದೂ ಒಂದೇ. ಆನೆಯ ಒಂದು ಗುಂಡೀನೂ ಮುಟ್ಟಿಲ್ಲ, ತಂತೀನೂ ಮೊದಲಿದ್ದ ಹಾಗೇ ಹಚ್ಚಿದ್ದು. ಮೊದಲ ಸಲ ಮೂರು ಕೊಟ್ಟ ಡಾಕ್ಟರು ಈ ಸಲ ಎಂಟು ಕೊಟ್ಟಿದ್ದಾರೆ. ಬ್ಯಾಂಕಿನವರು ಮೊದಲ ಸಲ ‘ಒಣಗಿದ ಕೊಂಬೆ’ ಅಂದಿದ್ದರು, ಈ ಸಲ ‘ಚಿಗುರು’ ಅಂದಿದ್ದಾರೆ.”

ಗೋಡೆಯ ಮೇಲೆ ಹಲ್ಲುಜ್ಜುವ ಸರಿಯಾದ ಕ್ರಮ ತೋರಿಸುವ ಚಿತ್ರಪಟವಿತ್ತು. ಎಲ್ಲರೂ ಅದನ್ನು ನೋಡತೊಡಗಿದರು.

“ನಾಲ್ಕನೇದಕ್ಕೆ ಒಟ್ಟು ಎಲ್ಲಕ್ಕಿಂತ ಹೆಚ್ಚು ಅಂಕ ಬಂದಿದೆ. ಡಾಕ್ಟರು ಹತ್ತಕ್ಕೆ ಹತ್ತು. ‘ಇದು ನನ್ನ ಆನೆ, ಆಣೆ ಮಾಡಿ ಹೇಳುತ್ತೇನೆ’ ಅಂತ ಬರೆದು ಕೆಳಗೆ ಸಹಿ ಹಾಕಿದ್ದಾರೆ. ವಕೀಲರು ಒಂಬತ್ತು. ‘ರಾಣಿಯ ಬಿಸುಪು, ಹಳೆಯ ಮರದ ಪರಿಮಳ.’ ನಾಲ್ಕನೇದು ಕಂಡಕ್ಟರ್ ಮೇಡಂ ಅವರ ಟ್ರಾನ್ಸಿಸ್ಟರು.”

ಕಂಡಕ್ಟರಮ್ಮ ಪರದೆ ಸರಿಸಿ ಹೊರಗೆ ಬಂದಳು. ಸಣ್ಣ ಡಬ್ಬಿ ಆಗಲೇ ಕೈಗೆ ಬಂದಿತ್ತು. “ಬಸ್ಸಲ್ಲಿ ಡ್ರೈವರ್ ಹಿಂದಿನ ಸೀಟಿನ ಕೆಳಗೆ ಇಟ್ಕೊಂಡು ಬರ್ತೀನಿ ಸಾರ್ ಇದನ್ನ” ಎಂದಳು ವಕೀಲರಿಗೆ. “ಪರಿಮಳ ಅಂದ್ರಲ್ಲ, ಹೋದ ತಿಂಗಳು ಒಂದು ಮಗು ಇದರ ಮೇಲೆ ವಾಂತಿ ಮಾಡ್ಕೊಂಡಿತ್ತು. ನಾನು ಒರೆಸಿದ್ದೆ.”

ನಾನು ಆಮೇಲೆ ಆ ಒಂಬತ್ತು ಹಾಳೆಗಳನ್ನು ತೆಗೆದು ಓದಿದೆ. ಬಿಸುಪು, ತೊಗಲು, ಜೇನು, ಮಣ್ಣು, ಕಡಲು ಎಲ್ಲ ಇದ್ದವು. ನುಡಿಸಿದವಳ ಬಗ್ಗೆ ಒಂದಕ್ಷರ ಇರಲಿಲ್ಲ. ಅವಳಿಗೆ ಅದರ ಪರಿವೆಯೂ ಇರಲಿಲ್ಲ. ಒಂದೂವರೆಯ ಬಸ್ಸು ತಪ್ಪಿಹೋಗುತ್ತದೆಂದು ಹೊರಟಳು. ಬಾಗಿಲಲ್ಲಿ ಭಾವ ಅವಳನ್ನು ತಡೆದರು. ಬೆಳಿಗ್ಗೆ ಆ ಡಬ್ಬಿಯನ್ನು ಕಂಡು ಮಾಡಿದ ಮುಖ ಈಗ ಇರಲಿಲ್ಲ.

“ಇದನ್ನ ಕೊಡ್ತೀರೇನಮ್ಮ? ಕೇಳಿದಷ್ಟು ಕೊಡ್ತೀನಿ. ಟ್ರಾನ್ಸಿಸ್ಟರಾಗಿ ವಾಲ್ವ್ ಥರ ನುಡಿಯುತ್ತೆ ಅಂದ್ರೆ ಇದರಲ್ಲಿ ಏನೋ ಇದೆ. ಯಾವ ವರ್ಷದ್ದು ಇದು?”

“ಅಂಗಡೀಲಿ ಇಂಥವು ರಾಶಿ ಬಿದ್ದಿವೆ ಸಾರ್. ಇದನ್ನ ನಿಮಗೆ ಕೊಟ್ಟು ಸಂಜೆ ನಾನು ಬಾಯಲ್ಲಿ ನುಡಿಸ್ಲಾ?” ಎಂದು ಅವಳು ಮೆಟ್ಟಿಲಿಳಿದುಹೋದಳು.

ಅಷ್ಟರಲ್ಲಿ ವಕೀಲರು ಚೇತರಿಸಿಕೊಂಡಿದ್ದರು. ಎದ್ದು, ಅಂಗಿಯ ತುದಿ ಎಳೆದುಕೊಂಡು, ನ್ಯಾಯಾಲಯದಲ್ಲಿ ನಿಲ್ಲುವಂತೆ ನಿಂತರು.

“ನನಗೊಂದು ಆಕ್ಷೇಪಣೆ ಇದೆ. ಪರದೆ.”

“ಪರದೆಗೇನಾಯ್ತು?” ಎಂದಳು ಅಕ್ಕ.

“ದಪ್ಪ ಹತ್ತಿ ಬಟ್ಟೆ. ವಾಲ್ವಿನ ದನೀಲಿ ಬಿಸುಪು ಇರುತ್ತೆ, ಅದನ್ನ ಹತ್ತಿ ಹೀರ್ಕೊಳ್ಳುತ್ತೆ. ಟ್ರಾನ್ಸಿಸ್ಟರಲ್ಲಿ ಹೀರೋಕೇ ಏನೂ ಇಲ್ಲ, ಅದಕ್ಕೇ ಅದು ಪೂರ್ತಿ ಈಚೆಗೆ ಬಂತು. ನಾವು ಕೇಳಿದ್ದು ಆಂಪುಗಳನ್ನಲ್ಲ ಮೇಡಂ, ಪರದೇನ.”

ಭಾವ ಕಣ್ಣರಳಿಸಿದರು. “ನಾನೂ ಅದನ್ನೇ ಹೇಳಬೇಕು ಅಂತಿದ್ದೆ ವಕೀಲ್ರೇ.”

ಮೂರು ವಾರದ ಮುನಿಸು ಅಲ್ಲೇ ಕರಗಿತು. ಇಬ್ಬರೂ ಕೂಡಿ ಪರದೆಯ ಅಂಚು ಹಿಡಿದು ಬಟ್ಟೆಯ ನೇಯ್ಗೆ ನೋಡಿದರು, ಬೆರಳಲ್ಲಿ ಉಜ್ಜಿದರು. ಬ್ಯಾಂಕಿನವರು ಮೂಸಿದರು. ಮುಂದಿನ ತಿಂಗಳ ಪತ್ರಿಕೆ ಎರಡು ಪುಟದ ಬದಲು ಎಂಟು ಪುಟ ಬಂತು, ಎಲ್ಲವೂ ಹತ್ತಿ, ರೇಷ್ಮೆ ಮತ್ತು ಮಖಮಲ್ಲಿನ ಮೂಲಕ ಮಂದ್ರಸ್ವರ ಸಾಗುವ ಬಗೆಯ ಕುರಿತು. ಅಂಕಗಳ ಪಟ್ಟಿಯನ್ನು ಸ್ಥಳಾಭಾವದಿಂದ ಬಿಡಲಾಗಿದೆ ಎಂದು ಕೊನೆಯಲ್ಲಿ ಒಂದು ಸಾಲು ಇತ್ತು.

ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಅದಾಗಿ ಹತ್ತು ದಿನಕ್ಕೆ ಅಕ್ಕನ ಆಸ್ಪತ್ರೆಯಲ್ಲಿ ಲಿಫ್ಟು ಕೈಕೊಟ್ಟು ನನ್ನನ್ನು ಕರೆಸಿದರು. ಉಪಕರಣದ ಚೀಲ ಹೆಗಲಿಗೇರಿಸಿ ಕಿವಿ ವಿಭಾಗದ ಮುಂದೆ ಹಾದುಹೋಗುತ್ತಿದ್ದೆ. ಹೊರಗಿನ ಬೆಂಚಿನ ಮೇಲೆ, ಇಬ್ಬರು ಮುದುಕರ ನಡುವೆ, ಕೈಯಲ್ಲಿ ಟೋಕನ್ ಹಿಡಿದು ಭಾವ ಕೂತಿದ್ದರು. ಕೆಲಸದ ದಿನ, ಕ್ಲಿನಿಕ್ಕಿನ ಹೊತ್ತು. ನನ್ನನ್ನು ಕಂಡು ಮುಖ ತಿರುಗಿಸಲು ನೋಡಿದರು, ಆಗಲಿಲ್ಲ.

“ಇಲ್ಲೇನ್ ಮಾಡ್ತಿದ್ದೀರಿ ಭಾವ? ಮನೇಲೇ ಅಕ್ಕನಿಗೆ ಹೇಳಬಹುದಿತ್ತಲ್ಲ.”

“ಮನೇಲಿ ಹೇಳಿದ್ರೆ ಗಂಡ ಆಗ್ತೀನಿ. ಇಲ್ಲಿ ಇಪ್ಪತ್ತೇಳನೇ ನಂಬರು” ಎಂದರು. ಆಮೇಲೆ ನೆಲ ನೋಡುತ್ತ, “ಪರದೆ ಗಿರದೆ ಎಲ್ಲ ವಕೀಲ್ರ ಮಾತು ಕಣೋ. ಆನೇನ ಹನ್ನೊಂದು ವರ್ಷದಿಂದ ದಿನಾ ಕೇಳ್ತಿದ್ದೀನಿ. ಅದಕ್ಕೆ ಮೂರು ಕೊಟ್ಟೆ. ಇನ್ಯಾವುದನ್ನೋ ಅದೇ ಅಂತ ಆಣೆ ಮಾಡಿ ಸಹಿ ಹಾಕಿದೆ. ನನ್ನ ಕಿವಿಗೆ ಏನೋ ಆಗಿದೆ” ಎಂದರು. ಅವರ ಕೈ ಟೋಕನ್ನನ್ನು ಮಡಚುತ್ತ ಬಿಚ್ಚುತ್ತ ಇತ್ತು. ಭಾವ ಹೆದರಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಲಿಫ್ಟು ಕಾಯಲಿ ಎಂದು ಪಕ್ಕದಲ್ಲಿ ಕೂತೆ.

ಬಾಗಿಲು ತೆರೆದು ಅಕ್ಕ ಇಪ್ಪತ್ತೇಳು ಎಂದು ಕರೆದಳು. ಭಾವ ಎದ್ದು ನಿಂತರು. ಅಕ್ಕ ಒಂದು ಕ್ಷಣ ಬಾಗಿಲ ಹಿಡಿ ಹಿಡಿದೇ ನಿಂತಳು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಗಾಜಿನ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟಳು. “ಕೇಳಿಸಿದಾಗ ಒತ್ತಿ.” ಎಲ್ಲ ರೋಗಿಗಳಿಗೂ ಹೇಳುವಂತೆಯೇ.

ಹತ್ತು ನಿಮಿಷದ ಮೇಲೆ ಅವಳು ಹಾಳೆಯೊಂದನ್ನು ಮೇಜಿನ ಮೇಲೆ ಇಟ್ಟಳು. ಅದರಲ್ಲಿ ಒಂದು ಗೆರೆ. ಎಡದಿಂದ ಅರ್ಧದವರೆಗೆ ಚಪ್ಪಟೆಯಾಗಿ ಬಂದು, ಆಮೇಲೆ ಮಾಳಿಗೆಯಿಂದ ಜಾರಿದಂತೆ ಕೆಳಗೆ ಬಿದ್ದಿತ್ತು.

“ತಗ್ಗಿನ ಸ್ವರ ಎಲ್ಲ ಸರಿಯಾಗಿ ಕೇಳ್ತಿದೆ. ಮೇಲಿನದು ಹೋಗಿದೆ, ಎರಡೂ ಕಿವೀಲಿ. ಇಪ್ಪತ್ತಾರು ವರ್ಷ ಆ ಹಲ್ಲಿನ ಡ್ರಿಲ್ಲು ಕಿವಿ ಪಕ್ಕದಲ್ಲೇ ಕಿರುಚಿದೆ. ಅದು ತಿಂದಿರೋದು.”

ಭಾವ ಹಾಳೆಯನ್ನು ನೋಡುತ್ತಿದ್ದರು.

“ಬಾಗಿಲ ಗಂಟೆ ಕೇಳಿಸ್ತಿರಲಿಲ್ಲ, ಅಲ್ವಾ?” ಅಕ್ಕ ಕೇಳಿದಳು. ಈಗ ಅದು ಆಸ್ಪತ್ರೆಯ ದನಿಯಾಗಿರಲಿಲ್ಲ. “ನಾನು ಅಡುಗೆಮನೆಯಿಂದ ಕೂಗಿದ್ದು?”

“ಏನೋ ಅಂತಿದ್ದೀಯ ಅಂತ ಗೊತ್ತಾಗ್ತಿತ್ತು. ಏನು ಅಂತ ಗೊತ್ತಾಗ್ತಿರಲಿಲ್ಲ. ಕೇಳಿದ್ರೆ ಬೈತೀಯ ಅಂತ ಹೂಂ ಅಂತಿದ್ದೆ.”

ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. “ನಾಲ್ಕೈದು ವರ್ಷದಿಂದ, ನೀವು ಬೇಕಂತಲೇ ಗಮನ ಕೊಡ್ತಿಲ್ಲ ಅಂದ್ಕೊಂಡಿದ್ದೆ. ದಿನಾ ನಲವತ್ತು ಜನರ ಕಿವಿ ನೋಡೋಳು ನಾನು.” ಅವಳ ಮುಖ ಸಣ್ಣದಾಗಿತ್ತು. ಇಡೀ ಬಳಗವನ್ನು ಪರದೆ ಕಟ್ಟಿ ನಗೆಗೀಡು ಮಾಡಿದವಳಿಗೆ ತನ್ನ ಮನೆಯ ಊಟದ ಮೇಜಿನ ಆಚೆಬದಿ ಕಂಡಿರಲಿಲ್ಲ. ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ಹೋಗಬೇಕೋ ಇರಬೇಕೋ ತಿಳಿಯಲಿಲ್ಲ.

ಕೊನೆಗೆ ಭಾವನೇ ಮಾತಾಡಿದರು. ಬೆರಳನ್ನು ಗೆರೆಯ ಚಪ್ಪಟೆ ಭಾಗದ ಮೇಲೆ ಇಟ್ಟಿದ್ದರು.

“ಅಂದ್ರೆ ತಗ್ಗಿನ ಸ್ವರದಲ್ಲಿ ಒಂದು ಚೂರೂ ದೋಷ ಇಲ್ಲ.”

“ಇಲ್ಲ.”

“ಬೇಸ್ ಅಂದ್ರೆ ತಗ್ಗಿನ ಸ್ವರಾನೇ ತಾನೆ. ಹಾಗಾದ್ರೆ ನನ್ನ ತೀರ್ಪು ಬಳಗದಲ್ಲಿ ಎಲ್ಲರಿಗಿಂತ ಶುದ್ಧ. ಮೇಲಿನ ಕಸ ಯಾವುದೂ ಅಡ್ಡ ಬರೋದೇ ಇಲ್ಲ ನನಗೆ.”

ಅಕ್ಕ ಅವರನ್ನು ದಿಟ್ಟಿಸಿ ನೋಡಿದಳು. ಆಮೇಲೆ ಇಪ್ಪತ್ತೆಂಟು ಎಂದು ಕೂಗಿದಳು.

ಕಿವಿಗೆ ಯಂತ್ರ ಬಂತು. ಅವರೆಕಾಳಿನಷ್ಟು ಚಿಕ್ಕದು, ಹಾಕಿದ್ದು ಗೊತ್ತೇ ಆಗುವುದಿಲ್ಲ. ಮೊದಲ ದಿನ ಭಾವ ಮನೆಯೆಲ್ಲ ಸುತ್ತಾಡಿ, ನಲ್ಲಿ ತೊಟ್ಟಿಕ್ಕುವುದನ್ನು, ಕಾಗದ ಸರಸರ ಎನ್ನುವುದನ್ನು ಕೇಳಿ ಬೆರಗಾದರು. ಅಕ್ಕ ಅಡುಗೆಮನೆಯಿಂದ ಮೆಲ್ಲಗೆ ಕರೆದಾಗ ಕೂತಲ್ಲಿಂದಲೇ “ಬಂದೆ” ಎಂದರು. ಆ ಸಂಜೆ ಅಕ್ಕ ಏನೇನೋ ಮಾತಾಡಿದಳಂತೆ, ಭಾವ ಎಲ್ಲಕ್ಕೂ ಸರಿಯಾದ ಉತ್ತರ ಕೊಟ್ಟರಂತೆ. ಐದನೆಯ ದಿನ ಯಂತ್ರ ಮೇಜಿನ ಡ್ರಾಯರು ಸೇರಿತು.

“ತಣ್ಣಗಿದೆ” ಎಂದರು ಭಾವ. “ಎಲ್ಲ ಕೇಳುತ್ತೆ, ನಿಜ. ಆದ್ರೆ ನಿನ್ನ ದನೀಲಿ ಬಿಸುಪು ಇಲ್ಲ.”

ರಿಪೇರಿ ಯಜಮಾನರ ಅಂಗಡಿಗೆ ಹೋಗಿ ವಿಚಾರಿಸಿದರು. ಯಜಮಾನರು ಗ್ರಹಚಾರಕ್ಕೆ ನಿಜ ಹೇಳಿದರು: ಹಿಂದೆ ಕಿವಿಯ ಯಂತ್ರಗಳಲ್ಲೂ ವಾಲ್ವ್ ಇರುತ್ತಿತ್ತು, ಕಡ್ಡಿಯಷ್ಟು ಸಣ್ಣವು. ಎರಡು ತಿಂಗಳು ಹುಡುಕಿ ಭಾವ ಅಂಥದೊಂದನ್ನು ಸಂಪಾದಿಸಿದರು. ಸೋಪಿನ ಡಬ್ಬಿಯಷ್ಟು ದೊಡ್ಡದು, ಜೇಬಿನಲ್ಲಿಡಬೇಕು. ಅದರಿಂದ ಒಂದು ತಂತಿ ಕಿವಿಗೆ, ಇನ್ನೊಂದು ತಂತಿ ಸೊಂಟಕ್ಕೆ ಕಟ್ಟಿದ ಬ್ಯಾಟರಿಗೆ. ಯಜಮಾನರು ಅದಕ್ಕೆ ಜೀವ ಬರಿಸಿಕೊಟ್ಟರು. ವಾರದ ದಿನಗಳಲ್ಲಿ ಭಾವ ಹೊಸ ಯಂತ್ರವನ್ನೇ ಹಾಕುತ್ತಾರೆ. ಇಲ್ಲದಿದ್ದರೆ ಊಟ ಬಡಿಸುವುದಿಲ್ಲ ಎಂದು ಅಕ್ಕ ಹೇಳಿದ್ದಾಳೆ. ಭಾನುವಾರ ಬಳಗಕ್ಕೆ ಹೋಗುವಾಗ ಮಾತ್ರ ಹಳೆಯದನ್ನು ಕಟ್ಟಿಕೊಳ್ಳುತ್ತಾರೆ. ಅಲ್ಲಿ ಯಾರಾದರೂ ಮಾತಾಡಿದರೆ ಕೈ ಎತ್ತಿ ತಡೆದು, ಜೇಬಿನ ಗುಂಡಿ ಕೂದಲೆಳೆಯಷ್ಟು ತಿರುಗಿಸಿ, “ಈಗ ಹೇಳಿ” ಎನ್ನುತ್ತಾರೆ. ಬಳಗದವರು ಸರದಿಯಲ್ಲಿ ನಿಂತು ಅದನ್ನು ಕಿವಿಗಿಟ್ಟು ನೋಡುತ್ತಾರೆ.

ಹೋದ ವಾರ ವಕೀಲರು ಅಕ್ಕನ ಆಸ್ಪತ್ರೆಗೆ ಬಂದಿದ್ದರು. ಟೋಕನ್ ತೆಗೆದುಕೊಂಡು, ಸರದಿಯಲ್ಲಿ ಕೂತು, ಗಾಜಿನ ಕೋಣೆಯಲ್ಲಿ ಪೂರ್ತಿ ಪರೀಕ್ಷೆ ಮಾಡಿಸಿಕೊಂಡರು. ಅಕ್ಕ ಹಾಳೆ ತೋರಿಸಿ, ಎರಡೂ ಕಿವಿ ಇಪ್ಪತ್ತರ ಹುಡುಗನಂತಿವೆ, ಯಾವ ಯಂತ್ರವೂ ಬೇಕಿಲ್ಲ ಎಂದಳು.

ವಕೀಲರ ಮುಖ ಸಪ್ಪಗಾಯಿತು. ಆ ನೇರವಾದ ಗೆರೆಯನ್ನು ಎರಡು ಸಲ ಓದಿ, ಹಾಳೆಯನ್ನು ಹಿಂದಕ್ಕೆ ತಳ್ಳಿದರು.

“ಇನ್ನೊಂದು ಸಲ ಸರಿಯಾಗಿ ನೋಡಿ ಮೇಡಂ” ಎಂದರು.